ಕೇಳಿದೆನೆಂದು ಹೇಳಿರಿ

ನಮ್ಮ ಮನೆಗಳಿಂದ ಯಾರಾದರೂ ಪರವೂರಿಗೆ ಹೊರಟು ನಿಂತಾಗ, ಅಂಗಳದವರೆಗೆ ಬಂದು ಬೀಳ್ಕೊಡುವ ಹಿರಿಯರು ಕೊನೆಯಲ್ಲಿ ಆಡುವ ಮಾತೊಂದಿದೆ: “ಅಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು.” ಏನನ್ನು ಕೇಳಿದ್ದೆಂದು ಯಾರೂ ವಿಚಾರಿಸುವುದಿಲ್ಲ. ಕ್ಷೇಮವನ್ನು ಕೇಳಿದ್ದು, ಮರೆತಿಲ್ಲವೆಂದು ತಿಳಿಸಿದ್ದು ಎಂಬುದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಇನ್‌ಲ್ಯಾಂಡ್ ಪತ್ರಗಳ ಕಾಲದಲ್ಲಿ ಇದೇ ಮಾತು ಕಾಗದದ ಕೊನೆಯ ಮಡಿಕೆಗೆ ಬರುತ್ತಿತ್ತು. ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ, ನೆರೆಮನೆಯವರ ಹೆಸರು, ಕೂಸಿನ ಹೆಸರು, ಹೀಗೆ ಜಾಗ ಸಾಲದೆ ಅಂಚಿನ ಸುತ್ತಲೂ ಬರೆದದ್ದನ್ನು ನಾವು ಕಾಗದ ತಿರುಗಿಸಿ ತಿರುಗಿಸಿ ಓದುತ್ತಿದ್ದೆವು.

ಸತ್ಯವೇದದಲ್ಲಿಯೂ ಇಂಥದೊಂದು ಕೊನೆಯ ಮಡಿಕೆಯಿದೆ. ಅದು ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನಾರನೆಯ ಅಧ್ಯಾಯ. ವಿಶ್ವಾಸ, ಕೃಪೆ, ನೀತಿ ಮುಂತಾದ ಗಹನ ವಿಷಯಗಳನ್ನು ವಿವರಿಸಿದ ಪತ್ರಿಕೆಯು ಇಲ್ಲಿಗೆ ಬಂದೊಡನೆ ಬರಿಯ ಹೆಸರುಗಳ ಪಟ್ಟಿಯಾಗಿ ಬಿಡುತ್ತದೆ. ಉಚ್ಚರಿಸಲು ಕಷ್ಟವಾದ ಈ ಹೆಸರುಗಳನ್ನು ನಮ್ಮಲ್ಲಿ ಅನೇಕರು ಮನೆಯ ಪ್ರಾರ್ಥನೆಯಲ್ಲಿ ಬೇಗಬೇಗನೆ ಓದಿ ಮುಗಿಸುತ್ತೇವೆ. ಆದರೆ ಮಕ್ಕಳು ದೂರದೇಶದಲ್ಲಿರುವ ಮನೆಯವರು ನಿಧಾನವಾಗಿ ಓದಬೇಕಾದ ಅಧ್ಯಾಯವಿದು. ಏಕೆಂದರೆ ಇದರಲ್ಲಿರುವವರು ಬಹುಮಟ್ಟಿಗೆ ಪರದೇಶಿಗಳು. ಇದನ್ನು ಬರೆಸಿದವನೂ ಪರದೇಶಿ. ಅನ್ಯರ ನಡುವೆ ಅವರು ಹೇಗೆ ಒಬ್ಬರಿಗೊಬ್ಬರು ನಂಟರಾದರೆಂಬ ಇತಿಹಾಸವು ಈ ವಂದನೆಗಳಲ್ಲಿ ಅಡಗಿದೆ.

ವಲಸಿಗರ ಪಟ್ಟಣ

ಈ ಇತಿಹಾಸವು ಗ್ರೀಸ್ ದೇಶದ ಕೊರಿಂಥ ಪಟ್ಟಣದಿಂದ ಆರಂಭವಾಗುತ್ತದೆ. ಹಳೆಯ ಕೊರಿಂಥವನ್ನು ಕ್ರಿ.ಪೂ. 146ರಲ್ಲಿ ರೋಮನ್ನರು ನಾಶಮಾಡಿದರು. ನೂರು ವರ್ಷಗಳ ಬಳಿಕ, ಕ್ರಿ.ಪೂ. 44ರಲ್ಲಿ, ಯೂಲಿಯ ಕೈಸರನು ಅದನ್ನು ರೋಮಿನ ವಸಾಹತಾಗಿ ಮತ್ತೆ ಕಟ್ಟಿಸಲು ಆಜ್ಞೆಯಿತ್ತನು. ಅಲ್ಲಿ ನೆಲೆಸಲು ಬಂದವರಲ್ಲಿ ದಾಸತ್ವದಿಂದ ಬಿಡುಗಡೆ ಹೊಂದಿದವರು ಬಹಳ ಮಂದಿ. ಎರಡು ಸಮುದ್ರಗಳ ನಡುವಿನ ಕಿರಿದಾದ ಭೂಪಟ್ಟಿಯ ಸಮೀಪದಲ್ಲಿದ್ದ ಈ ಊರಿಗೆ ಪಶ್ಚಿಮಕ್ಕೊಂದು, ಪೂರ್ವಕ್ಕೊಂದು ಬಂದರು. ಆದ್ದರಿಂದ ನಾವಿಕರು, ವ್ಯಾಪಾರಿಗಳು, ಕಸುಬುದಾರರು ಎಲ್ಲ ದಿಕ್ಕುಗಳಿಂದಲೂ ಅಲ್ಲಿಗೆ ಬರುತ್ತಿದ್ದರು. ಅದು ತಲೆತಲಾಂತರದಿಂದ ನೆಲೆನಿಂತವರಿಗಿಂತ ಬಂದು ಸೇರಿದವರೇ ಹೆಚ್ಚಾಗಿದ್ದ ಪಟ್ಟಣ.

ಕ್ರಿ.ಶ. 50ರ ಸುಮಾರಿಗೆ ಪೌಲನು ಅಥೇನೆಯಿಂದ ಇಲ್ಲಿಗೆ ಬಂದನು. ಆಗ ತಾನು ಬಲಹೀನನಾಗಿ, ಭಯದಿಂದ ನಡುಗುತ್ತಿದ್ದೆನೆಂದು ಅವನೇ ಮುಂದೆ ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿ ಒಪ್ಪಿಕೊಂಡಿದ್ದಾನೆ. ನಾವು ಚಿತ್ರಗಳಲ್ಲಿ ಕಾಣುವ ಖಡ್ಗ ಹಿಡಿದ ಗಂಭೀರ ಅಪೊಸ್ತಲನನ್ನು ಕ್ಷಣಕಾಲ ಮರೆತು, ಹೊಸ ಊರಿನಲ್ಲಿ ಇಳಿದು, ರಾತ್ರಿಯ ತಂಗುವಿಕೆಗೆ ಸ್ಥಳ ಹುಡುಕುತ್ತಿರುವ ಮನುಷ್ಯನೊಬ್ಬನನ್ನು ನೆನೆಯಿರಿ. ಇಂದು ದುಬಾಯಿಯಲ್ಲಿಯೋ ಟೊರಾಂಟೋದಲ್ಲಿಯೋ ವಿಮಾನದಿಂದಿಳಿದು ಪೆಟ್ಟಿಗೆಯ ಹಿಡಿಯನ್ನು ಭದ್ರವಾಗಿ ಹಿಡಿದುಕೊಂಡು ನಿಂತಿರುವ ನಮ್ಮ ಮನೆಯ ಹುಡುಗನಿಗೂ ಅವನಿಗೂ ಆ ಗಳಿಗೆಯಲ್ಲಿ ಹೆಚ್ಚು ಅಂತರವಿಲ್ಲ.

ಅಲ್ಲಿ ಅವನಿಗೆ ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ದಂಪತಿಗಳು ದೊರೆತರೆಂದು ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವೆ. ಅಕ್ವಿಲನ ಹುಟ್ಟೂರು ಕಪ್ಪು ಸಮುದ್ರದ ದಡದ ಪೊಂತ ಸೀಮೆ. ಅಲ್ಲಿಂದ ರೋಮಿಗೆ ಹೋಗಿ ಬದುಕು ಕಟ್ಟಿಕೊಂಡಿದ್ದವನು. ಆದರೆ ಯೆಹೂದ್ಯರು ರೋಮನ್ನು ಬಿಟ್ಟುಹೋಗಬೇಕೆಂದು ಕ್ಲೌದ್ಯ ಚಕ್ರವರ್ತಿಯು ಆಜ್ಞೆ ಹೊರಡಿಸಿದನು. ಈ ಉಚ್ಚಾಟನೆಯನ್ನು ರೋಮಿನ ಚರಿತ್ರೆಕಾರ ಸ್ವೆತೋನಿಯನೂ ಹೇಳಿದ್ದಾನೆ; ಇದು ಕ್ರಿ.ಶ. 49ರಲ್ಲಿ ನಡೆಯಿತೆಂಬುದು ಬಹುಮಂದಿ ಇತಿಹಾಸಕಾರರ ಎಣಿಕೆ. ಹೀಗೆ ಎರಡನೆಯ ಬಾರಿ ಊರು ಕಳೆದುಕೊಂಡ ದಂಪತಿಗಳು, ಊರಿಲ್ಲದೆ ಬಂದ ಮತ್ತೊಬ್ಬನಿಗೆ ಬಾಗಿಲು ತೆರೆದರು. ಅವರನ್ನು ಕೂಡಿಸಿದ್ದು ಕಸುಬು: ಮೂವರೂ ಗುಡಾರ ಮಾಡುವವರು. ಒಂದೇ ಮನೆ, ಒಂದೇ ಕೆಲಸ. ಪೌಲನು ಆ ಪಟ್ಟಣದಲ್ಲಿ ಒಂದೂವರೆ ವರ್ಷ ನಿಂತನು.

ಪರದೇಶದಲ್ಲಿ ಸ್ನೇಹವು ಹೀಗೆಯೇ ಹುಟ್ಟುತ್ತದಲ್ಲವೇ? ದೊಡ್ಡ ಮಾತುಗಳಿಂದಲ್ಲ, ನೀವು ಯಾವ ಕಡೆಯವರು, ಏನು ಕೆಲಸ, ಊಟವಾಯಿತೇ ಎಂಬ ಸಣ್ಣ ಮಾತುಗಳಿಂದ. ಸಭೆಯ ಇತಿಹಾಸದ ಬಹುದೊಡ್ಡ ಸ್ನೇಹಗಳಲ್ಲೊಂದು ಸೂಜಿ ದಾರಗಳ ನಡುವೆ ಆರಂಭವಾಯಿತು.

ಪತ್ರವನ್ನು ಹೊತ್ತವಳು

ಮುಂದೆ ಕ್ರಿ.ಶ. 57ರ ಸುಮಾರಿಗೆ ಪೌಲನು ಮತ್ತೆ ಕೊರಿಂಥಕ್ಕೆ ಬಂದು ಗಾಯನೆಂಬವನ ಮನೆಯಲ್ಲಿ ಅತಿಥಿಯಾಗಿದ್ದಾಗ ರೋಮಾಪುರದವರಿಗೆ ಪತ್ರಿಕೆಯನ್ನು ಬರೆಸಿದನೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆಗಿನ ರೋಮ್ ಸಾಮ್ರಾಜ್ಯದಲ್ಲಿ ಸರಕಾರದ ಓಲೆಗಳನ್ನು ಸಾಗಿಸಲು ಕುದುರೆ, ಬಂಡಿ, ಠಾಣೆಗಳ ವ್ಯವಸ್ಥೆಯಿತ್ತು. ಆದರೆ ಅದು ಅಧಿಕಾರಿಗಳಿಗಾಗಿ ಮಾತ್ರ. ಸಾಮಾನ್ಯರ ಪತ್ರವು ಆ ದಿಕ್ಕಿಗೆ ಹೊರಟ ಯಾರದೋ ಗಂಟಿನಲ್ಲಿ ಸೇರಿಕೊಂಡು ಹೋಗಬೇಕು. ಕೊಲ್ಲಿ ದೇಶಗಳಿಗೆ ಹೊರಟವರ ಕೈಯಲ್ಲಿ ಉಪ್ಪಿನಕಾಯಿಯ ಜೊತೆಗೆ ನಾಲ್ಕು ಮನೆಯ ಕಾಗದಗಳನ್ನೂ ಕೊಟ್ಟು ಕಳುಹಿಸುತ್ತಿದ್ದ ದಿನಗಳನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಪೌಲನ ಪತ್ರವನ್ನು ಕೊಂಡೊಯ್ದವಳು ಕೊರಿಂಥದ ಪೂರ್ವದ ಬಂದರಾದ ಕೆಂಖ್ರೆಯದ ಫೊಯಿಬೆ ಎಂದು ಸಾಮಾನ್ಯವಾಗಿ ನಂಬಲಾಗಿದೆ. ಹದಿನಾರನೆಯ ಅಧ್ಯಾಯದ ಮೊದಲ ಹೆಸರು ಅವಳದೇ. ಅವಳು ಸಭೆಯ ಸೇವಕಳೆಂದೂ ಅನೇಕರಿಗೆ, ತನಗೂ ಕೂಡ, ನೆರವಾದವಳೆಂದೂ ತಿಳಿಸಿ, ಅವಳನ್ನು ಸೇರಿಸಿಕೊಂಡು ಬೇಕಾದ ಸಹಾಯ ಮಾಡಬೇಕೆಂದು ಪೌಲನು ರೋಮಿನವರನ್ನು ಕೇಳಿಕೊಳ್ಳುತ್ತಾನೆ. ಬಂದರಿನ ಊರಿನಲ್ಲಿ ಹೋಗಿಬರುವವರನ್ನು ಆದರಿಸಿದ ಸ್ತ್ರೀಯು ಈಗ ತಾನೇ ಅಪರಿಚಿತಳಾಗಿ ಮತ್ತೊಂದು ಊರಿನ ಬಾಗಿಲಲ್ಲಿ ನಿಲ್ಲಲಿದ್ದಾಳೆ. ಅವಳ ಕೈಯಲ್ಲಿರುವುದು ಒಂದು ಪರಿಚಯದ ಮಾತು. ನಮ್ಮ ಸಭಾಪಾಲಕರು ವಿದೇಶಕ್ಕೆ ಹೊರಟ ಯುವಕ ಯುವತಿಯರಿಗೆ ಬರೆದುಕೊಡುವ ಪರಿಚಯ ಪತ್ರದ ಹಿಂದೆ ಇಷ್ಟು ಹಳೆಯ ಪರಂಪರೆಯಿದೆ.

ಹೆಸರುಗಳ ಹಿಂದಿನ ಮನುಷ್ಯರು

ಫೊಯಿಬೆಯ ತರುವಾಯ ವಂದನೆಗಳು ಬರುತ್ತವೆ. ಪೌಲನು ಇನ್ನೂ ರೋಮಿಗೆ ಹೋಗಿರಲೇ ಇಲ್ಲ. ಆದರೂ ಅಲ್ಲಿರುವ ಇಪ್ಪತ್ತನಾಲ್ಕು ಮಂದಿಯನ್ನು ಹೆಸರು ಹಿಡಿದು ನೆನೆಯುತ್ತಾನೆ. ಹೆಸರು ಹೇಳದೆ ಮತ್ತಿಬ್ಬರನ್ನು, ಅಂದರೆ ರೂಫನ ತಾಯಿಯನ್ನೂ ನೇರಿಯನ ಸಹೋದರಿಯನ್ನೂ, ಸೇರಿಸುತ್ತಾನೆ. ಇವರಲ್ಲಿ ಒಂಬತ್ತು ಮಂದಿ ಸ್ತ್ರೀಯರೆಂದು ಇಂದಿನ ವಿದ್ವಾಂಸರು ಎಣಿಸುತ್ತಾರೆ.

ಕಂಡಿರದ ಊರಿನಲ್ಲಿ ಇಷ್ಟು ಪರಿಚಯ ಹೇಗೆ? ಇವರಲ್ಲಿ ಅನೇಕರು ಬೇರೆಡೆಯಿಂದ ರೋಮಿಗೆ ಬಂದವರು ಎಂಬುದೇ ಉತ್ತರ. ಕ್ಲೌದ್ಯನು ಕ್ರಿ.ಶ. 54ರಲ್ಲಿ ತೀರಿಹೋದ ಬಳಿಕ ಪ್ರಿಸ್ಕಳೂ ಅಕ್ವಿಲನೂ ರೋಮಿಗೆ ಹಿಂದಿರುಗಿದ್ದರು. ಆಸ್ಯ ಸೀಮೆಯ ಮೊದಲ ವಿಶ್ವಾಸಿಯಾದ ಎಪೈನೆತನೂ ಈಗ ಅಲ್ಲಿದ್ದಾನೆ. ಅಂದ್ರೋನಿಕನೂ ಯೂನ್ಯಳೂ ಒಮ್ಮೆ ಪೌಲನ ಜೊತೆಯಲ್ಲಿ ಸೆರೆಯಲ್ಲಿದ್ದವರು. ರೂಫನ ತಾಯಿ ತನಗೂ ತಾಯಿಯಂತಿದ್ದಳೆಂದು ಪೌಲನು ನೆನೆಯುತ್ತಾನೆ. ಯಾವ ಊರಿನಲ್ಲಿ ಅವಳು ಅವನಿಗೆ ಅನ್ನವಿಕ್ಕಿದಳೋ, ಯಾವ ಕಾಯಿಲೆಯಲ್ಲಿ ಆರೈಕೆ ಮಾಡಿದಳೋ, ಪತ್ರಿಕೆಯಲ್ಲಿ ಅದಿಲ್ಲ. ಹೊರನಾಡಿನಲ್ಲಿ ಇನ್ನೊಬ್ಬರ ತಾಯಿಯ ಕೈಯೂಟ ಉಂಡವರಿಗೆ ಆ ಒಂದು ಮಾತೇ ಸಾಕು.

ಉಳಿದವರ ಹೆಸರುಗಳೂ ಮಾತನಾಡುತ್ತವೆ. ರೋಮಿನ ಸಮಾಧಿಗಳ ಮೇಲೆ ದೊರೆತ ಸಾವಿರಾರು ಶಾಸನಗಳೊಡನೆ ಈ ಹೆಸರುಗಳನ್ನು ಹೋಲಿಸಿ ನೋಡಿದ ವಿದ್ವಾಂಸರಲ್ಲಿ ಜರ್ಮನಿಯ ಪೇಟರ್ ಲಾಂಪೆ ಪ್ರಮುಖರು. ಅಂಪ್ಲಿಯಾತ, ಹೆರ್ಮೆ ಮುಂತಾದವು ದಾಸರಲ್ಲಿಯೂ ಬಿಡುಗಡೆ ಹೊಂದಿದ ದಾಸರಲ್ಲಿಯೂ ಬಳಕೆಯಲ್ಲಿದ್ದ ಹೆಸರುಗಳು. ಪೆರ್ಸೀಸ ಎಂದರೆ ‘ಪಾರಸಿಯ ಹೆಂಗಸು’ ಎಂದಷ್ಟೇ ಅರ್ಥ. ಅದು ಹೆತ್ತವರು ಇಟ್ಟ ಹೆಸರಿಗಿಂತ ಕೊಂಡವರು ಇಟ್ಟ ಗುರುತಿನಂತೆ ಕೇಳಿಸುತ್ತದೆ. ರೋಮಿನಲ್ಲಿ ಆಗ ಸುಮಾರು ಹತ್ತು ಲಕ್ಷ ಜನರಿದ್ದರೆಂದು ಅಂದಾಜು. ಬಡವರೂ ವಲಸಿಗರೂ ಬಹು ಅಂತಸ್ತಿನ ಬಾಡಿಗೆ ಕಟ್ಟಡಗಳ ಇಕ್ಕಟ್ಟಾದ ಕೋಣೆಗಳಲ್ಲಿ ವಾಸಿಸುತ್ತಿದ್ದರು. ಅಷ್ಟು ದೊಡ್ಡ ನಗರವು ಅಂಥವಳನ್ನು ‘ಎಲೈ ಪಾರಸಿಯವಳೇ’ ಎಂದು ಕರೆದಿರಬಹುದು. ಪೌಲನಾದರೋ ಅವಳನ್ನು ಪ್ರಿಯಳೆಂದು ಕರೆದು, ಕರ್ತನ ಸೇವೆಯಲ್ಲಿ ಬಹಳವಾಗಿ ದುಡಿದವಳೆಂದು ಸ್ಮರಿಸುತ್ತಾನೆ.

ಇನ್ನೊಂದು ಸಣ್ಣ ಸಂಗತಿಯನ್ನು ಮರೆಯಬಾರದು. ಪೌಲನು ಹೇಳಿದ್ದನ್ನು ಬರೆದುಕೊಂಡ ಲಿಪಿಕಾರನ ಹೆಸರು ತೆರ್ತ್ಯ. ‘ಮೂರನೆಯವನು’ ಎಂದು ಅದರ ಅರ್ಥ. ಅಧ್ಯಾಯದ ಕೊನೆಯಲ್ಲಿ ಅವನೂ ತನ್ನ ವಂದನೆಯನ್ನು ತಾನೇ ಒಂದು ಸಾಲಿನಲ್ಲಿ ಬರೆದಿದ್ದಾನೆ. ಇನ್ನೊಬ್ಬರ ಮಾತನ್ನು ಬರೆಯುವುದೇ ಕೆಲಸವಾಗಿದ್ದವನಿಗೂ ತನ್ನ ಸ್ವಂತ ಮಾತಿಗೆ ಅಲ್ಲಿ ಎಡೆ ದೊರೆಯಿತು.

‘ಹೇಳುತ್ತೇನೆ’ ಅಲ್ಲ, ‘ಹೇಳಿರಿ’

ಈಗ ಒಂದು ವ್ಯಾಕರಣದ ವಿಷಯವನ್ನು ನಿಮ್ಮ ಗಮನಕ್ಕೆ ತರಬಯಸುತ್ತೇನೆ. ಈ ಪಟ್ಟಿಯಲ್ಲಿ ಪೌಲನು ‘ನಾನು ಇಂಥವರಿಗೆ ವಂದಿಸುತ್ತೇನೆ’ ಎನ್ನುವುದಿಲ್ಲ. ‘ನೀವು ಅವರಿಗೆ ವಂದನೆ ಹೇಳಿರಿ’ ಎಂಬರ್ಥದ ವಿಧಿರೂಪವನ್ನು ಬಳಸುತ್ತಾನೆ, ಅದೂ ಬಹುವಚನದಲ್ಲಿ. ಗ್ರೀಕ್ ಮೂಲದಲ್ಲಿ ಮೂರನೆಯ ವಚನದಿಂದ ಹದಿನಾರನೆಯ ವಚನದೊಳಗೆ ಆ ಒಂದೇ ಕ್ರಿಯಾಪದವು ಹದಿನಾರು ಬಾರಿ ಬರುತ್ತದೆ.

ಇದು ಏಕೆ ಮುಖ್ಯ? ರೋಮಿನ ವಿಶ್ವಾಸಿಗಳು ಒಂದೇ ದೇವಾಲಯದಲ್ಲಿ ಕೂಡುತ್ತಿರಲಿಲ್ಲ. ಪ್ರಿಸ್ಕ ಮತ್ತು ಅಕ್ವಿಲರ ಮನೆಯಲ್ಲೊಂದು ಗುಂಪು, ಬೇರೆ ಮನೆಗಳಲ್ಲಿ ಬೇರೆ ಗುಂಪುಗಳು ಇದ್ದವೆಂಬುದು ಈ ಅಧ್ಯಾಯದಿಂದಲೇ ತಿಳಿಯುತ್ತದೆ. ಅವರೊಳಗೆ ಭಿನ್ನಾಭಿಪ್ರಾಯವೂ ಇತ್ತು. ಯೆಹೂದ್ಯ ವಿಶ್ವಾಸಿಗಳು ಊರು ಬಿಟ್ಟು ಹೋಗಬೇಕಾದಾಗ ಉಳಿದ ಅನ್ಯಜನರ ವಿಶ್ವಾಸಿಗಳು ತಮ್ಮದೇ ರೀತಿಯಲ್ಲಿ ಸಭೆಯನ್ನು ನಡೆಸಿಕೊಂಡು ಬಂದರು. ಹೋದವರು ಐದಾರು ವರ್ಷಗಳ ಮೇಲೆ ಹಿಂದಿರುಗಿದಾಗ ತಮ್ಮ ಸಭೆಯಲ್ಲಿಯೇ ತಾವು ಹೊರಗಿನವರಾದಂತೆ ಅವರಿಗೆ ತೋರಿರಬೇಕು. ಯಾವುದನ್ನು ತಿನ್ನಬಹುದು, ಯಾವ ದಿನವನ್ನು ಆಚರಿಸಬೇಕು ಎಂಬ ವಾದಗಳು ಹದಿನಾಲ್ಕನೆಯ ಅಧ್ಯಾಯವನ್ನು ತುಂಬಿವೆ. ಒಬ್ಬರನ್ನೊಬ್ಬರು ಸೇರಿಸಿಕೊಳ್ಳಿರೆಂದು ಹದಿನೈದನೆಯ ಅಧ್ಯಾಯದಲ್ಲಿ ಪೌಲನು ಬೇಡಿಕೊಂಡದ್ದು ಈ ಹಿನ್ನೆಲೆಯಲ್ಲಿಯೇ.

ಆ ಬೇಡಿಕೆಯ ಬೆನ್ನಿಗೇ ಈ ಪಟ್ಟಿ ಬರುತ್ತದೆ. ಈ ಮನೆಯಲ್ಲಿ ಪತ್ರವನ್ನು ಕೇಳಿದವರು ಆ ಮನೆಯವರಿಗೆ ವಂದನೆ ಮುಟ್ಟಿಸಬೇಕು. ಮುಟ್ಟಿಸಬೇಕಾದರೆ ಎದ್ದು ಹೋಗಬೇಕು, ಬಾಗಿಲು ತಟ್ಟಬೇಕು, ಯಾರ ಅಡಿಗೆಯನ್ನು ನಿನ್ನೆ ಟೀಕಿಸಿದ್ದರೋ ಅವರ ಹೆಸರನ್ನು ಕೂಗಬೇಕು. ಉಪದೇಶದಿಂದ ಆಗದ ಕೆಲಸವನ್ನು ಒಂದು ವಂದನೆಯ ನೆವದಿಂದ ಮಾಡಿಸಲು ಪೌಲನು ಹೊರಟಿದ್ದನೆಂದು ನನಗೆ ತೋರುತ್ತದೆ. ‘ಕೇಳಿದೆನೆಂದು ಹೇಳಿ’ ಎನ್ನುವ ನಮ್ಮ ಅಜ್ಜಿಯಂದಿರೂ ಇಂಥ ಉಪಾಯವನ್ನು ಬಲ್ಲವರೇ. ಮಾತು ಬಿಟ್ಟಿದ್ದ ಎರಡು ಮನೆಗಳ ನಡುವೆ ಆ ಮಾತನ್ನು ಹೊತ್ತು ನಡೆದ ಮೊಮ್ಮಕ್ಕಳು ನಮ್ಮಲ್ಲಿ ಎಷ್ಟು ಮಂದಿಯಿಲ್ಲ?

ವಂದನೆಯ ರೂಪವನ್ನು ಕುರಿತೂ ಒಂದು ಮಾತು. ಗ್ರೀಕರು ಪತ್ರದ ಆರಂಭದಲ್ಲಿ ‘ಖೈರೆಯಿನ್’ ಎಂದು ಬರೆಯುತ್ತಿದ್ದರು; ಸಂತೋಷವಾಗಿರು ಎಂದು ಅದರ ಭಾವ. ಯೆಹೂದ್ಯರ ವಂದನೆ ‘ಶಾಲೋಮ್’. ಪೌಲನು ಗ್ರೀಕರ ಆ ಪದಕ್ಕೆ ಹತ್ತಿರವಾದ ‘ಖಾರಿಸ್’, ಅಂದರೆ ಕೃಪೆ, ಎಂಬುದನ್ನು ತೆಗೆದುಕೊಂಡು, ಅದರ ಪಕ್ಕದಲ್ಲಿ ಶಾಂತಿ ಎಂಬುದನ್ನು ಕೂಡಿಸಿದನು. ಎರಡು ಜನಾಂಗಗಳ ನಮಸ್ಕಾರಗಳು ಒಂದೇ ಸಾಲಿನಲ್ಲಿ ಕುಳಿತವು. ಪಟ್ಟಿಯ ಕೊನೆಯಲ್ಲಿ ಅವನು ಹೇಳುವ ಪವಿತ್ರವಾದ ಮುದ್ದು ಆ ಕಾಲದಲ್ಲಿ ಮುಖ್ಯವಾಗಿ ಮನೆಯವರ, ಆಪ್ತರ ನಡುವಿನ ರೂಢಿ. ಅದನ್ನು ದಾಸನಿಗೂ ಒಡೆಯನಿಗೂ ಸಮಾನವಾಗಿ ಹಂಚಿದ್ದು ಸಣ್ಣ ಕ್ರಾಂತಿಯೇನಲ್ಲ.

ನಮ್ಮ ನಾಡಿಗೂ ಇದಕ್ಕೂ ಸಂಬಂಧವಿದೆ. 1947ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆಯು 1950ರಲ್ಲಿ ರೂಪಿಸಿದ ಆರಾಧನಾ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ಸಾಗಿಸುವ ವಿಧಿಯನ್ನು ಸೇರಿಸಿತು. ಕೇರಳದ ಸುರಿಯಾನಿ ಕ್ರೈಸ್ತರು ಪೂರ್ವದಿಂದ ಉಳಿಸಿಕೊಂಡು ಬಂದಿದ್ದ ಪದ್ಧತಿಯದು. ಎರಡು ಅಂಗೈಗಳ ನಡುವೆ ಇನ್ನೊಬ್ಬರ ಕೈಯನ್ನು ಹಿಡಿಯುವಾಗ ಪಕ್ಕದಲ್ಲಿ ನಿಂತವರು ಯಾರು, ಎಲ್ಲಿಯವರು ಎಂದು ಆರಿಸುವ ಅವಕಾಶ ನಮಗಿಲ್ಲ. ಕೋಣೆಗಳಲ್ಲಿ ಕೂಡುತ್ತಿದ್ದ ರೋಮಿನ ವಲಸಿಗರ ವಂದನೆಯು ಹೀಗೆ ನಮ್ಮ ಬೆಂಚುಗಳವರೆಗೂ ಬಂದು ಮುಟ್ಟಿದೆ.

ಎದುರುಗೊಳ್ಳಲು ಬಂದವರು

ಆ ವಂದನೆಗಳಿಂದ ಏನಾಯಿತು? ಉತ್ತರವು ಅಪೊಸ್ತಲರ ಕೃತ್ಯಗಳ ಕೊನೆಯ ಅಧ್ಯಾಯದಲ್ಲಿದೆ. ಪತ್ರ ಬರೆಸಿದ ಸುಮಾರು ಮೂರು ವರ್ಷಗಳ ಬಳಿಕ ಪೌಲನು ರೋಮಿಗೆ ಹೊರಟನು. ಆದರೆ ಕೈದಿಯಾಗಿ, ಸಿಪಾಯಿಗಳ ಕಾವಲಿನಲ್ಲಿ. ದಾರಿಯಲ್ಲಿ ಹಡಗು ಒಡೆಯಿತು. ಮೆಲೀತೆ ದ್ವೀಪದ ಜನರು, ಗ್ರೀಕ್ ಭಾಷೆಯವರಲ್ಲದಿದ್ದರೂ, ಮಳೆಯಲ್ಲಿ ನೆನೆದು ನಡುಗುತ್ತಿದ್ದವರಿಗೆ ಬೆಂಕಿ ಹೊತ್ತಿಸಿ ಆದರಿಸಿದರು. ಮತ್ತೆ ಪ್ರಯಾಣಮಾಡಿ ಇಟಲಿಯ ಪೊತಿಯೋಲ ಬಂದರಿನಲ್ಲಿ ಇಳಿದಾಗ ಅಲ್ಲಿಯ ಸಹೋದರರು ಏಳು ದಿನ ಉಳಿಸಿಕೊಂಡರು.

ಅಲ್ಲಿಂದ ಅಪ್ಪಿಯ ಹೆದ್ದಾರಿಯಲ್ಲಿ ನಡೆದು ಬರುವಾಗ ರೋಮಿನ ವಿಶ್ವಾಸಿಗಳು ಅವನನ್ನು ಎದುರುಗೊಳ್ಳಲು ಬಂದರು. ಕೆಲವರು ‘ಮೂರು ಛತ್ರಗಳು’ ಎಂಬ ತಂಗುದಾಣದವರೆಗೆ, ಅಂದರೆ ಸುಮಾರು ಐವತ್ತು ಕಿಲೋಮೀಟರ್. ಕೆಲವರು ಅಪ್ಪಿಯ ಪೇಟೆಯವರೆಗೆ, ಅಂದರೆ ಸುಮಾರು ಅರವತ್ತೈದು ಕಿಲೋಮೀಟರ್. ಹೆಚ್ಚುಕಡಿಮೆ ಮಂಗಳೂರಿನಿಂದ ಉಡುಪಿಯವರೆಗಿನ ದಾರಿ. ಬಂದವರ ಹೆಸರುಗಳನ್ನು ಲೂಕನು ಬರೆದಿಲ್ಲ. ಆದರೆ ಮೂರು ವರ್ಷಗಳ ಹಿಂದೆ ತಮ್ಮ ಹೆಸರನ್ನು ಆ ಪತ್ರದಲ್ಲಿ ಕೇಳಿದವರು ಅವರಲ್ಲಿ ಇದ್ದಿರಲಾರರೇ? ಬೇಡಿ ತೊಟ್ಟು ಬರುತ್ತಿರುವವನನ್ನು ನೋಡಲು ಎರಡು ದಿನದ ದಾರಿ ಸವೆಸುವುದು ಸುಮ್ಮನೆ ಆಗುವ ಕೆಲಸವಲ್ಲ. ಅವರನ್ನು ಕಂಡು ಪೌಲನು ದೇವರನ್ನು ಸ್ತುತಿಸಿ ಧೈರ್ಯಗೊಂಡನೆಂದು ಲೂಕನು ತಿಳಿಸುತ್ತಾನೆ. ಮಹಾ ಅಪೊಸ್ತಲನಿಗೂ ಧೈರ್ಯವು ಮನುಷ್ಯರ ಮುಖದ ಮೂಲಕ ಬರಬೇಕಾಯಿತು. ಕಾಣದ ಊರಿಗೆ ಕಳುಹಿಸಿದ ವಂದನೆಯು ಕಾಲ್ನಡೆಯಲ್ಲಿ ಅವನ ಬಳಿಗೆ ಹಿಂದಿರುಗಿ ಬಂದಿತು.

ನಮ್ಮ ಬಾಗಿಲಲ್ಲಿ

ಓದುಗರೇ, ಈ ಅಧ್ಯಾಯವನ್ನು ನಾನು ನಿಧಾನವಾಗಿ ಓದಲು ಕಲಿತದ್ದು ತಡವಾಗಿ. ನಮ್ಮ ಮಗಳು ವಿದ್ಯಾಭ್ಯಾಸಕ್ಕಾಗಿ ಹೊರದೇಶಕ್ಕೆ ಹೋದ ಮೊದಲ ಭಾನುವಾರ ಅಲ್ಲಿಯ ದೇವಾಲಯವೊಂದಕ್ಕೆ ಹೋದಳು. ಆರಾಧನೆ ಮುಗಿದಾಗ ವೃದ್ಧೆಯೊಬ್ಬರು ಬಂದು ಅವಳ ಹೆಸರನ್ನು ಕೇಳಿ, ಸರಿಯಾಗಿ ಉಚ್ಚರಿಸಲು ಬಾರದೆ, ಚೀಟಿಯಲ್ಲಿ ಬರೆಸಿಕೊಂಡರಂತೆ. ಮುಂದಿನ ಭಾನುವಾರ ಬಾಗಿಲಲ್ಲಿ ನಿಂತು, ತಪ್ಪಾಗಿಯೇ ಆದರೂ, ಹೆಸರು ಹಿಡಿದು ಕರೆದರಂತೆ. ಫೋನಿನಲ್ಲಿ ಇದನ್ನು ಹೇಳುವಾಗ ಅವಳ ದನಿ ಬದಲಾಗಿತ್ತು. ಆ ರಾತ್ರಿ ನಾವಿಬ್ಬರೂ, ತಾಯ್ತಂದೆಗಳು, ಹೆಸರು ತಿಳಿಯದ ಆ ವೃದ್ಧೆಗಾಗಿ ಪ್ರಾರ್ಥಿಸಿದೆವು.

ಅದೇ ದಿನಗಳಲ್ಲಿ ನಮ್ಮ ದೇವಾಲಯದ ಕೊನೆಯ ಬೆಂಚಿನಲ್ಲಿ ಹುಡುಗನೊಬ್ಬನು ಬಂದು ಕುಳಿತುಕೊಳ್ಳುತ್ತಿದ್ದನು. ಹತ್ತಿರದಲ್ಲಿ ಕಟ್ಟುತ್ತಿದ್ದ ದೊಡ್ಡ ಕಟ್ಟಡದ ಕೆಲಸಕ್ಕೆ ಜಾರ್ಖಂಡಿನಿಂದ ಬಂದವನೆಂದು ಯಾರೋ ಹೇಳಿದರು. ಕನ್ನಡ ಬಾರದು, ಗೀತೆಗಳನ್ನು ಹಾಡುವಾಗ ಪುಸ್ತಕವನ್ನು ತೆರೆದು ಸುಮ್ಮನೆ ಹಿಡಿದುಕೊಂಡಿರುತ್ತಿದ್ದನು. ಐದು ಭಾನುವಾರ ಬಂದನು. ನಾನು ನಗುಮುಖದಿಂದ ತಲೆಯಾಡಿಸಿ ಮುಂದೆ ಹೋದೆನು. ಪ್ರತಿ ಬಾರಿಯೂ ಮನೆಗೆ ಹೋಗುವ ಆತುರ. ಆರನೆಯ ಭಾನುವಾರ ಅವನು ಬರಲಿಲ್ಲ. ಕಟ್ಟಡದ ಬಳಿಗೆ ಹೋಗಿ ವಿಚಾರಿಸಿದಾಗ ಆ ತಂಡವು ಬೇರೆ ಊರಿಗೆ ಹೋಗಿತ್ತು. ಕಾವಲುಗಾರನು ಅವನ ಹೆಸರೇನೆಂದು ನನ್ನನ್ನೇ ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಕೇಳಿದೆನೆಂದು ಹೇಳಿ ಕಳುಹಿಸಲು ಕೂಡ ಒಂದು ಹೆಸರು ಬೇಕಲ್ಲವೇ?

ನಮ್ಮ ಮಕ್ಕಳನ್ನು ಪರದೇಶದಲ್ಲಿ ಯಾರಾದರೂ ಹೆಸರು ಹಿಡಿದು ಕರೆಯಲೆಂದು ನಾವು ಪ್ರತಿದಿನ ಬೇಡುತ್ತೇವೆ. ಆ ಹುಡುಗನ ತಾಯಿಯೂ ಜಾರ್ಖಂಡಿನ ಯಾವುದೋ ಹಳ್ಳಿಯಲ್ಲಿ ಅದನ್ನೇ ಬೇಡುತ್ತಿರಬಹುದು. ಅವಳ ಪ್ರಾರ್ಥನೆಗೆ ಉತ್ತರವಾಗಬೇಕಾಗಿದ್ದವನು ನಾನು, ಚಪ್ಪಲಿ ಹುಡುಕುತ್ತಾ ನಿಂತಿದ್ದೆನು.

ಆದ್ದರಿಂದ ಮುಂದಿನ ಸಲ ಮನೆಯ ಪ್ರಾರ್ಥನೆಯಲ್ಲಿ ಈ ಅಧ್ಯಾಯ ಬಂದಾಗ ದಯವಿಟ್ಟು ಬಿಟ್ಟುಬಿಡಬೇಡಿರಿ. ಒಂದೊಂದು ಹೆಸರನ್ನೂ ಮಕ್ಕಳಿಂದ ಓದಿಸಿರಿ. ತಪ್ಪಾಗಿ ಉಚ್ಚರಿಸಿದರೂ ಚಿಂತೆಯಿಲ್ಲ. ಆಮೇಲೆ, ಬರುವ ಭಾನುವಾರ ದೇವಾಲಯದ ಕೊನೆಯ ಬೆಂಚಿನಲ್ಲಿ ಯಾರು ಕುಳಿತಿದ್ದಾರೆಂದು ತಿರುಗಿ ನೋಡಿರಿ. ಹತ್ತಿರ ಹೋಗಿ ಹೆಸರನ್ನು ಕೇಳಿರಿ. ಅವರು ಊರಿಗೆ ಫೋನು ಮಾಡುವಾಗ, ಮನೆಯವರೆಲ್ಲರನ್ನೂ ನೀವು ಕೇಳಿದಿರೆಂದು ಹೇಳಲಿ.